ನಿಮ್ಮ ಸಹಿ ಯಾರ ಕೈಯಲ್ಲಿದೆ?

ಚಿನ್ನವಿಟ್ಟ ಕಪಾಟಿನ ಕೀಲಿಕೈ ಎಲ್ಲಿದೆ ಎಂದು ಕೇಳಿದರೆ ನಮ್ಮ ಸಹೋದರಿಯರು ಥಟ್ಟನೆ ಉತ್ತರಿಸುತ್ತಾರೆ. ಆದರೆ ನಿಮ್ಮ ಸಹಿ ಯಾರ ಬಳಿ ಇದೆ ಎಂದು ಕೇಳಿದರೆ? ‘ಅದು ನನ್ನ ಕೈಯಲ್ಲೇ ಇದೆಯಲ್ಲ’ ಎಂದು ನಗಬಹುದು. ಗಂಡನ ಅಥವಾ ಅಣ್ಣನ ಕಂಪೆನಿಯಲ್ಲಿ ಹೆಸರಿಗೆ ನಿರ್ದೇಶಕಿಯಾಗಿರುವ ಎಷ್ಟೋ ಮಹಿಳೆಯರ ಡಿಜಿಟಲ್ ಸಹಿ ಅವರ ಕೈಯಲ್ಲಿಲ್ಲ. ಅದು ಆಡಿಟರ್ ಕಚೇರಿಯ ಡ್ರಾಯರಿನಲ್ಲಿ ಹೆಸರಿನ ಚೀಟಿ ಅಂಟಿಸಿಕೊಂಡು ಬಿದ್ದಿರುತ್ತದೆ. ಕೆಲವೊಮ್ಮೆ ಅದೇ ಚೀಟಿಯಲ್ಲಿ ಪಿನ್ ಸಂಖ್ಯೆಯೂ ಇರುತ್ತದೆ!

ಪ್ರವಾದಿವರ್ಯರು(ಸ) ಅರಸರಿಗೆ ಪತ್ರ ಬರೆಸಲು ಬಯಸಿದಾಗ, ಮುದ್ರೆಯಿಲ್ಲದ ಪತ್ರವನ್ನು ಅವರು ಓದುವುದಿಲ್ಲವೆಂದು ತಿಳಿದುಬಂತು. ಆಗ ಬೆಳ್ಳಿಯ ಉಂಗುರ ಮಾಡಿಸಿ ‘ಮುಹಮ್ಮದ್ ರಸೂಲುಲ್ಲಾಹ್’ ಎಂದು ಕೆತ್ತಿಸಲಾಯಿತು. ಅದೇ ಅಕ್ಷರಗಳನ್ನು ಬೇರಾರೂ ತಮ್ಮ ಉಂಗುರದಲ್ಲಿ ಕೆತ್ತಿಸಬಾರದೆಂದು ಅವರು ತಾಕೀತು ಮಾಡಿದರು. ಮುಂದೆ ಹ. ಉಸ್ಮಾನ್(ರ)ರ ಕಾಲದಲ್ಲಿ ಆ ಉಂಗುರ ಅರೀಸ್ ಬಾವಿಗೆ ಬಿತ್ತು. ಮೂರು ದಿನ ಹುಡುಕಿ, ಬಾವಿಯ ನೀರೆತ್ತಿಸಿದರೂ ಅದು ಸಿಗಲಿಲ್ಲವೆಂದು ಸಹೀಹುಲ್ ಬುಖಾರಿಯಲ್ಲಿದೆ. ಮುದ್ರೆ ಎಂದರೆ ಅಷ್ಟು ಗಂಭೀರ ವಿಷಯ.

ಇಂದಿನ ಮುದ್ರೆಯುಂಗುರ

ಪೆನ್ ಡ್ರೈವ್‌ನಂತೆ ಕಾಣುವ ಡಿಜಿಟಲ್ ಸಹಿಯ ಟೋಕನ್ ಇಂದಿನ ಮುದ್ರೆಯುಂಗುರ. ಕಂಪೆನಿಯ ಕಾಗದಪತ್ರ, ಜಿಎಸ್‌ಟಿ, ಸರಕಾರಿ ಟೆಂಡರುಗಳಿಗೆ ಅದನ್ನು ಬಳಸುತ್ತಾರೆ. ಅದರೊಳಗೆ ಇರುವುದು ಸ್ಮಾರ್ಟ್ ಕಾರ್ಡಿನ ಚಿಪ್. ಮೊಬೈಲಿನ ಸಿಮ್ಮೂ ಎಟಿಎಂ ಕಾರ್ಡಿನ ಚಿಪ್ಪೂ ಇದೇ ಜಾತಿಯವು. ಚಿಪ್ಪಿನೊಳಗೆ ಒಂದು ಗುಪ್ತ ಕೀಲಿ ಇರುತ್ತದೆ. ಅದು ಎಂದೂ ಹೊರಗೆ ಬರುವುದಿಲ್ಲ. ಲಾಗಿನ್ ಆಗುವಾಗ ಜಾಲತಾಣ ಪ್ರತಿ ಸಲವೂ ಹೊಸದೊಂದು ಸಂಖ್ಯೆಯನ್ನು ಕಳಿಸುತ್ತದೆ. ಚಿಪ್ ಅದಕ್ಕೆ ತನ್ನೊಳಗೇ ಮುದ್ರೆಯೊತ್ತಿ ಹಿಂದಿರುಗಿಸುತ್ತದೆ. ಆದ್ದರಿಂದ ಪಾಸ್‌ವರ್ಡ್‌ನಂತೆ ಇದನ್ನು ಕದ್ದು ನೋಡಲು ಬರುವುದಿಲ್ಲ. ಟೋಕನ್ ಕೈಯಲ್ಲಿರಬೇಕು, ಪಿನ್ ತಿಳಿದಿರಬೇಕು. ಎರಡನ್ನೂ ಒಬ್ಬರಿಗೇ ಒಪ್ಪಿಸಿದರೆ ಭದ್ರತೆ ಎಲ್ಲಿ ಉಳಿಯಿತು?

2000ರ ಮಾಹಿತಿ ತಂತ್ರಜ್ಞಾನ ಕಾಯ್ದೆಯು ಡಿಜಿಟಲ್ ಸಹಿಗೆ ಕೈಬರಹದ ಸಹಿಯ ಮಾನ್ಯತೆ ನೀಡಿದೆ. ಗುಪ್ತ ಕೀಲಿಯನ್ನು ತನ್ನ ಹತೋಟಿಯಲ್ಲಿಟ್ಟುಕೊಳ್ಳುವ ಹೊಣೆ ಸಹಿಯ ಒಡೆಯರದ್ದೇ ಎನ್ನುತ್ತದೆ ಅದರ 42ನೇ ಕಲಮು. ಇನ್ನೊಬ್ಬರ ಸಹಿಯನ್ನು ಮೋಸದಿಂದ ಬಳಸಿದವರಿಗೆ 66ಸಿ ಕಲಮಿನಂತೆ 3 ವರ್ಷಗಳ ತನಕ ಸೆರೆವಾಸ ಮತ್ತು 1 ಲಕ್ಷ ರೂ. ತನಕ ದಂಡವಿದೆ. ಆದರೆ ಪಿನ್ ಬರೆದುಕೊಟ್ಟವಳು ‘ನನಗೆ ಗೊತ್ತೇ ಇರಲಿಲ್ಲ’ ಎಂದು ಸಾಬೀತುಪಡಿಸುವುದು ಸುಲಭವೇ?

ಮನೆಯ ಕಂಪ್ಯೂಟರಿನಲ್ಲೇ

‘ನಮ್ಮ ಕಂಪ್ಯೂಟರಿಗೆ ಅದು ಹೊಂದುವುದಿಲ್ಲ’ ಎಂಬ ನೆಪವೂ ಇದೆ. ಪಿನ್ ಮತ್ತು ಕೀಲಿ ಇರುವುದು ಟೋಕನ್‌ನಲ್ಲೇ ಹೊರತು ಕಂಪ್ಯೂಟರಿನಲ್ಲಲ್ಲ. ಯಂತ್ರ ಬದಲಾದರೂ ಅವು ಬದಲಾಗುವುದಿಲ್ಲ. ಯಂತ್ರಕ್ಕೆ ಟೋಕನ್ನಿನ ಭಾಷೆ ತಿಳಿಸುವ ದುಭಾಷಿ ಮಾತ್ರ ಬೇಕು. ಅದೇ ಡ್ರೈವರ್ ತಂತ್ರಾಂಶ.

ವಿಂಡೋಸ್‌ನಲ್ಲಿ ಟೋಕನ್ ತಯಾರಕರ ಡ್ರೈವರ್ ಹಾಕಿದರೆ ಸಾಮಾನ್ಯವಾಗಿ ಕೆಲಸ ಮುಗಿಯಿತು. ಮ್ಯಾಕ್‌ಗೆ ತಯಾರಕರು ಬೇರೆಯೇ ತಂತ್ರಾಂಶ ಕೊಡುತ್ತಾರೆ. ವಿಂಡೋಸ್‌ನದ್ದು ಅಲ್ಲಿ ನಡೆಯದು. ಲಿನಕ್ಸ್‌ನಲ್ಲಿ ‘ಪಿಸಿಎಸ್‌ಸಿಡಿ’ ಎಂಬ ಸೇವೆ ಚಾಲನೆಯಲ್ಲಿರಬೇಕು. ಫೈರ್‌ಫಾಕ್ಸ್ ಬಳಸುವವರು ಅದರ ಸೆಟ್ಟಿಂಗ್ಸ್‌ನ ‘ಸೆಕ್ಯೂರಿಟಿ ಡಿವೈಸಸ್’ ಎಂಬಲ್ಲಿ ಟೋಕನ್‌ನ ‘ಪಿಕೆಸಿಎಸ್ 11’ ಕಡತವನ್ನು ಸೇರಿಸಬೇಕಾಗಬಹುದು. ಕಾಲೇಜಿಗೆ ಹೋಗುವ ಮಗಳೋ ಮಗನೋ ಒಂದು ಸಂಜೆಯಲ್ಲಿ ಇದನ್ನು ಮಾಡಿಕೊಟ್ಟಾರು. ಆದರೆ ಪಿನ್ ಮಾತ್ರ ನೀವೇ ಒತ್ತಿರಿ.

ಎರಡು ಎಚ್ಚರಿಕೆಗಳಿವೆ. ಪದೇ ಪದೇ ತಪ್ಪು ಪಿನ್ ಒತ್ತಿದರೆ ಟೋಕನ್‌ಗೆ ಬೀಗ ಬೀಳುತ್ತದೆ. ‘ಇನಿಶಿಯಲೈಸ್’ ಎಂಬುದನ್ನು ಒತ್ತಿದರೆ ಒಳಗಿನ ಕೀಲಿಯೇ ಅಳಿಸಿಹೋಗುತ್ತದೆ. ಹೊಸ ಸಹಿಯನ್ನೇ ಪಡೆಯಬೇಕಾಗುತ್ತದೆ.

ಟೋಕನ್ ಕಳೆದುಹೋದರೆ ಬಾವಿಯ ನೀರೆತ್ತಿಸುವ ಅಗತ್ಯವಿಲ್ಲ. ಅದನ್ನು ನೀಡಿದ ಸಂಸ್ಥೆಗೆ ಕೂಡಲೇ ತಿಳಿಸಿ ಸಹಿಯನ್ನು ರದ್ದುಪಡಿಸಿದರಾಯಿತು.

ಆಡಿಟರು ಪ್ರಾಮಾಣಿಕರೇ ಇರಬಹುದು, ಗಂಡನ ಮೇಲೆ ಸಂಪೂರ್ಣ ವಿಶ್ವಾಸವೂ ಇರಬಹುದು. ಇಲ್ಲಿ ಅವರ ಮೇಲಿನ ಸಂಶಯದ ಪ್ರಶ್ನೆಯಿಲ್ಲ. ಸಾಲದ ವ್ಯವಹಾರವನ್ನು ಬರೆದಿಡಲು ಕುರ್‌ಆನ್ ಆದೇಶಿಸಿದ್ದು ಪರಸ್ಪರ ನಂಬುವ ವಿಶ್ವಾಸಿಗಳಿಗೇ ಅಲ್ಲವೇ? ಸಹಿಯೂ ಒಂದು ಅಮಾನತ್. ನಾಳೆಯೇ ಆ ಡ್ರಾಯರಿನಿಂದ ಟೋಕನ್ ಮನೆಗೆ ತರಿಸಿ, ಪಿನ್ ಬದಲಾಯಿಸಿ. ಸಹಿ ಮಾಡುವ ಮುನ್ನ ‘ಇದೇನು?’ ಎಂದು ಒಂದು ಮಾತು ಕೇಳಿ. ಆ ಪ್ರಶ್ನೆ ನಿಮ್ಮ ಹಕ್ಕು ಮಾತ್ರವಲ್ಲ, ನಿಮ್ಮ ಹೊಣೆ ಕೂಡಾ.