ಮನ್ನಾರ್ ಕೊಲ್ಲಿಯ ಗಾಳಿಗೆ ಮೊದಲು ಬಂದರು ಬೇಕು

ಪಶ್ಚಿಮ ಘಟ್ಟದ ಸಾಲು ಕನ್ಯಾಕುಮಾರಿಯ ಬಳಿ ಮುಗಿಯುತ್ತದೆ. ಅಲ್ಲಿಂದ ಮುಂದೆ ಮುಂಗಾರು ಮಾರುತಕ್ಕೆ ತಡೆಯೇ ಇಲ್ಲ. ಹಾಗಾಗಿ ತಮಿಳುನಾಡಿನ ದಕ್ಷಿಣದ ಕಡಲು ಭಾರತದಲ್ಲೇ ಗಾಳಿ ಬಿರುಸಾಗಿರುವ ತಾಣಗಳಲ್ಲೊಂದು. ಗಾಳಿಯ ಶಕ್ತಿ ಅದರ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ವೇಗ ಸೆಕೆಂಡಿಗೆ 8 ಮೀಟರಿನಿಂದ 10ಕ್ಕೆ ಏರಿದರೆ ಸಾಕು, ಶಕ್ತಿ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ.

ಈ ಗಾಳಿ ಬರುವ ಹೊತ್ತೂ ಅನುಕೂಲಕರ. ಮಳೆಗಾಲದ ಮೋಡ ಕವಿದು ಸೌರ ವಿದ್ಯುತ್ ಕುಗ್ಗುವ ತಿಂಗಳುಗಳಲ್ಲೇ ಕಡಲ ಗಾಳಿಗೆ ಬಲ ಬರುತ್ತದೆ, ರಾತ್ರಿಯೂ ಬೀಸುತ್ತದೆ. ಪಾವಗಡದ ಸೌರ ಪಾರ್ಕ್ ಇರುವ ಕರ್ನಾಟಕವೂ ತಮಿಳುನಾಡೂ ಒಂದೇ ವಿದ್ಯುತ್ ಜಾಲದಲ್ಲಿರುವುದರಿಂದ ಲಾಭ ನಮಗೂ ಉಂಟು.

ಗುಜರಾತ್ ಮತ್ತು ತಮಿಳುನಾಡಿನ ಕಡಲಲ್ಲಿ ಸುಮಾರು 70 ಗಿಗಾವಾಟ್ ಪವನ ವಿದ್ಯುತ್ ಸಾಧ್ಯವೆಂಬುದು ಸರ್ಕಾರಿ ಅಂದಾಜು. ಕಡಲ ಪವನ ವಿದ್ಯುತ್ತಿಗೆ ರಾಷ್ಟ್ರೀಯ ನೀತಿ ಬಂದದ್ದು 2015ರಲ್ಲಿ. 2024ರಲ್ಲಿ ಕೇಂದ್ರ ಸಂಪುಟ ಎರಡೂ ರಾಜ್ಯಗಳ ಕಡಲಲ್ಲಿ ತಲಾ 500 ಮೆಗಾವಾಟ್ ಸ್ಥಾಪಿಸಲು 6,853 ಕೋಟಿ ರೂಪಾಯಿ, ಎರಡು ಬಂದರುಗಳ ಅಭಿವೃದ್ಧಿಗೆ 600 ಕೋಟಿ ರೂಪಾಯಿ ನೆರವಿಗೆ ಒಪ್ಪಿತು.

ಅಡ್ಡಿಗಳು ಗಾಳಿಯಲ್ಲಿಲ್ಲ, ಅದರ ಕೆಳಗಿವೆ. 1991ರಲ್ಲಿ ಡೆನ್ಮಾರ್ಕಿನ ವಿಂಡೆಬಿಯಲ್ಲಿ ಜಗತ್ತಿನ ಮೊದಲ ಕಡಲ ಪವನ ಸ್ಥಾವರ ಎದ್ದಾಗ ಅದರ 11 ಯಂತ್ರಗಳ ಒಟ್ಟು ಸಾಮರ್ಥ್ಯ ಸುಮಾರು 5 ಮೆಗಾವಾಟ್. ಈಗ ಒಂದೇ ಯಂತ್ರ 15 ಮೆಗಾವಾಟ್ ಕೊಡಬಲ್ಲದು. ಅದರ ಒಂದೊಂದು ರೆಕ್ಕೆಯೂ 100 ಮೀಟರಿಗಿಂತ ಉದ್ದ. ನಮ್ಮ ಹೆದ್ದಾರಿಗಳ ತಿರುವುಗಳಲ್ಲಿ ಅದನ್ನು ಸಾಗಿಸುವುದು ಅಸಾಧ್ಯವೇ ಸರಿ. ತಯಾರಿಕೆ, ಜೋಡಣೆ, ಸಾಗಣೆ ಎಲ್ಲವೂ ಬಂದರಿನಲ್ಲೇ ನಡೆಯಬೇಕು. ಸಮುದ್ರತಳಕ್ಕೆ ಕಾಲೂರಿ ನಿಂತು ಯಂತ್ರ ಎತ್ತುವ ವಿಶೇಷ ಹಡಗುಗಳೂ ಬೇಕು. ಅಡಿಪಾಯ ಹಾಕುವ ಮೊದಲು ತಳದ ಮಣ್ಣನ್ನು ಕೊರೆದು ಪರೀಕ್ಷಿಸಬೇಕು. ಜೇಡಿ ಮೆತ್ತಗಿದ್ದರೆ ಉಕ್ಕಿನ ಕಂಬ ಇನ್ನಷ್ಟು ಆಳಕ್ಕಿಳಿಯಬೇಕು, ಖರ್ಚು ಏರುತ್ತದೆ. ಉಪ್ಪುಗಾಳಿ, ಚಂಡಮಾರುತಗಳನ್ನೂ ಯಂತ್ರ ತಾಳಿಕೊಳ್ಳಬೇಕು.

ತಮಿಳುನಾಡಿನ ಆ ಕಡಲು ಖಾಲಿ ಜಾಗವೂ ಅಲ್ಲ. ಮನ್ನಾರ್ ಕೊಲ್ಲಿಯಲ್ಲಿ 21 ದ್ವೀಪಗಳ ಸಾಗರ ರಾಷ್ಟ್ರೀಯ ಉದ್ಯಾನವಿದೆ, ಹವಳದ ದಿಬ್ಬಗಳಿವೆ, ಕಡಲಹುಲ್ಲು ಮೇಯುವ ಕಡಲಹಸುಗಳಿವೆ. ದಿನವೂ ದೋಣಿ ಇಳಿಸುವ ಮೀನುಗಾರರಿದ್ದಾರೆ. ಕಂಬಗಳ ನಡುವೆ ಬಲೆ ಬೀಸಬಹುದೇ, ಕೇಬಲ್ ಎಲ್ಲಿ ಹಾಯುತ್ತದೆ, ನಷ್ಟವಾದರೆ ಪರಿಹಾರವೇನು ಎಂಬ ಪ್ರಶ್ನೆಗಳಿಗೆ ನಕ್ಷೆ ಸಿದ್ಧವಾಗುವ ಮೊದಲೇ ಅವರೊಂದಿಗೆ ಕೂತು ಉತ್ತರ ಕಂಡುಕೊಳ್ಳಬೇಕು.

2030ರೊಳಗೆ 30 ಗಿಗಾವಾಟ್ ಎಂಬ ಗುರಿಯನ್ನು 2018ರಲ್ಲೇ ಸಾರಲಾಯಿತು. ಸಾರಿದ ಅಂಕಿಗಿಂತ ಬಂದರು, ಮಣ್ಣಿನ ಪರೀಕ್ಷೆ, ಮೀನುಗಾರರ ಒಪ್ಪಿಗೆ ಈ ಮೂರಕ್ಕೆ ಮೊದಲ ಹಣ ಮತ್ತು ಮೊದಲ ವರ್ಷಗಳು ಸಲ್ಲಬೇಕು. ಇವು ಸಿದ್ಧವಿದ್ದರೆ ಬಂಡವಾಳ ಹೂಡುವವರ ಅಪಾಯ ತಗ್ಗುತ್ತದೆ, ಯೂನಿಟ್ ದರವೂ ಇಳಿಯುತ್ತದೆ.