ಯುರೋಪ್ ಟೂರ್ ಹೊರಟಿದ್ದೀರಾ? ರೈಲು ಟಿಕೆಟ್ ಕೊಳ್ಳುವ ಮುನ್ನ ಇದನ್ನೊಮ್ಮೆ ಓದಿ

ಮಗನೋ ಮಗಳೋ ಯುರೋಪ್‌ನಲ್ಲಿ ಕೆಲಸಕ್ಕಿದ್ದಾರೆ, ಮೇ ರಜೆಯಲ್ಲಿ ಹತ್ತು ದಿನ ಅಂಗಡಿ ಬಾಗಿಲು ಹಾಕಿ ಹೋಗಿಬರೋಣ ಅನ್ನುವವರು ಈಗ ತಾಲೂಕು ಕೇಂದ್ರಗಳಲ್ಲೂ ಇದ್ದಾರೆ. ವಿಮಾನದ ಟಿಕೆಟ್ ಏಜೆಂಟರು ಮಾಡಿಕೊಡುತ್ತಾರೆ. ಅಲ್ಲಿ ಇಳಿದ ಮೇಲೆ ಊರಿಂದೂರಿಗೆ ಹೋಗಲು ರೈಲೇ ಅನುಕೂಲ. ಆದರೆ ನಮ್ಮ ಐಆರ್‌ಸಿಟಿಸಿ ಲೆಕ್ಕದಲ್ಲಿ ಅಲ್ಲಿನ ಟಿಕೆಟ್ ಕೊಳ್ಳಲು ಹೋದರೆ ಸಾವಿರಾರು ರೂಪಾಯಿ ಸುಮ್ಮನೆ ಹೋಗುತ್ತದೆ.

ಮೊದಲು ವೀಸಾ, ಆಮೇಲೆ ಟಿಕೆಟ್

ಇಟಲಿ, ಸ್ವಿಟ್ಜರ್ಲೆಂಡ್, ಫ್ರಾನ್ಸ್, ಜರ್ಮನಿ ಎಲ್ಲಕ್ಕೂ ಒಂದೇ ಷೆಂಗೆನ್ ವೀಸಾ ಸಾಕು. ಹೆಚ್ಚು ದಿನ ಉಳಿಯುವ ದೇಶದ ಮೂಲಕವೇ ಅರ್ಜಿ ಹಾಕಬೇಕು. ಪ್ರಯಾಣಕ್ಕೆ 6 ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ಕೊನೆಯ ಗಡುವು 15 ದಿನ. ಅಷ್ಟು ತಡ ಮಾಡದಿರುವುದೇ ಒಳ್ಳೆಯದು. ಅಗ್ಗದ ರೈಲು ಟಿಕೆಟ್‌ಗಳಿಗೆ ಸಾಮಾನ್ಯವಾಗಿ ಹಣ ವಾಪಸ್ ಇರುವುದಿಲ್ಲ. ವೀಸಾ ಕೈಗೆ ಬರುವ ಮೊದಲೇ ಅವನ್ನು ಕೊಂಡು, ವೀಸಾ ಸಿಗದಿದ್ದರೆ ಆ ದುಡ್ಡು ಹೋದಂತೆಯೇ. ಪ್ಯಾರಿಸ್‌ನಿಂದ ಲಂಡನ್‌ಗೆ ರೈಲಿನಲ್ಲಿ ಎರಡೂಕಾಲು ಗಂಟೆಯ ದಾರಿಯಷ್ಟೇ. ಆದರೆ ಬ್ರಿಟನ್‌ಗೆ ಬೇರೆಯೇ ವೀಸಾ ಬೇಕು, ಷೆಂಗೆನ್ ವೀಸಾ ಅಲ್ಲಿ ನಡೆಯುವುದಿಲ್ಲ.

ವೇಟಿಂಗ್ ಲಿಸ್ಟ್ ಇಲ್ಲ, ದರ ಮಾತ್ರ ಏರುತ್ತೆ

ನಮ್ಮಲ್ಲಿ 60 ದಿನ ಮೊದಲು ಬುಕಿಂಗ್ ತೆರೆಯುತ್ತದೆ. ಮೊದಲ ದಿನ ಕೊಂಡರೂ ಕೊನೆಗೆ ಕೊಂಡರೂ ಸ್ಲೀಪರ್ ದರ ಒಂದೇ. ಯುರೋಪ್‌ನ ವೇಗದ ರೈಲುಗಳಲ್ಲಿ ಹಾಗಲ್ಲ. ಮೂರ್ನಾಲ್ಕು ತಿಂಗಳು ಮೊದಲೇ ಮಾರಾಟ ಶುರುವಾಗಿ, ವಿಮಾನದ ಟಿಕೆಟ್‌ನಂತೆ ದಿನ ಹತ್ತಿರವಾದಷ್ಟೂ ದರ ಏರುತ್ತದೆ. ರೋಮ್–ಮಿಲಾನ್, ಪ್ಯಾರಿಸ್–ಜ್ಯೂರಿಕ್‌ನಂಥ ದೂರದ ದಾರಿಗೆ ವೀಸಾ ಬಂದ ಕೂಡಲೇ ಟಿಕೆಟ್ ತೆಗೆಯಬೇಕು. ಹತ್ತಿರದ ಊರುಗಳ ಲೋಕಲ್ ರೈಲಿಗೆ ಈ ಅವಸರ ಬೇಡ. ಅಲ್ಲಿ ದರ ಏರುವುದಿಲ್ಲ, ಹೊರಡುವ ದಿನವೇ ಕೊಂಡರಾಯಿತು.

ಅಗ್ಗದ ಟಿಕೆಟ್‌ಗೆ ಇನ್ನೊಂದು ಕಟ್ಟು ಇದೆ. ಯಾವ ರೈಲಿಗೆ ಕೊಂಡಿದ್ದೀರೋ ಅದಕ್ಕೆ ಮಾತ್ರ ಅದು ನಡೆಯುತ್ತದೆ. ಇಟಲಿಯಲ್ಲಿ ಟ್ರೆನಿಟಾಲಿಯಾ, ಇಟಾಲೊ ಎಂಬ ಎರಡು ಕಂಪನಿಗಳ ವೇಗದ ರೈಲುಗಳು ಒಂದೇ ಹಳಿಯ ಮೇಲೆ ಓಡುತ್ತವೆ. ಒಂದರ ಟಿಕೆಟ್ ಹಿಡಿದು ಇನ್ನೊಂದನ್ನು ಹತ್ತಿದರೆ ದಂಡ. ವಿಮಾನ ಇಳಿದ ದಿನವೇ ಇಂಥ ಟಿಕೆಟ್ ಇಟ್ಟುಕೊಳ್ಳುವುದು ಬೇಡ. ವಿಮಾನ ಎರಡು ಗಂಟೆ ತಡವಾದರೆ ರೈಲೂ ಹೋಯಿತು, ಹಣವೂ ಹೋಯಿತು.

ಪಾಸ್ ಇದ್ದರೂ ಸೀಟಿಗೆ ಬೇರೆ ದುಡ್ಡು

ಹಲವು ದೇಶ ಸುತ್ತುವವರಿಗೆ ಯುರೇಲ್ ಪಾಸ್ ಇದೆ. ಪಾಸ್ ಇದ್ದ ಮಾತ್ರಕ್ಕೆ ಎಲ್ಲ ರೈಲನ್ನೂ ಹತ್ತಬಹುದು ಅಂದುಕೊಳ್ಳಬಾರದು. ಫ್ರಾನ್ಸಿನ ಟಿಜಿವಿ, ಇಟಲಿಯ ಫ್ರೆಚ್ಚಾರೊಸ್ಸಾ ರೈಲುಗಳಲ್ಲಿ ಪಾಸ್ ಜೊತೆಗೆ ಸೀಟನ್ನೂ ಹಣ ಕೊಟ್ಟು ಕಾಯ್ದಿರಿಸಲೇಬೇಕು. ಸ್ವಿಟ್ಜರ್ಲೆಂಡ್‌ನ ಒಳಗೆ ಓಡುವ ಬಹುತೇಕ ರೈಲುಗಳಿಗೆ ಅದು ಬೇಕಿಲ್ಲ, ಖಾಲಿ ಇದ್ದಲ್ಲಿ ಕೂತರಾಯಿತು.

ಸ್ವಿಟ್ಜರ್ಲೆಂಡ್ ಒಂದನ್ನೇ ನೋಡುವವರು ಎರಡರಲ್ಲಿ ಒಂದನ್ನು ಆರಿಸಬೇಕು. ಸ್ವಿಸ್ ಟ್ರಾವೆಲ್ ಪಾಸ್‌ನಲ್ಲಿ ರೈಲು, ಬಸ್ಸು, ದೋಣಿ ಎಲ್ಲ ಸೇರಿದೆ. 3, 4, 6, 8, 15 ದಿನಗಳ ಲೆಕ್ಕದಲ್ಲಿ ಸಿಗುತ್ತದೆ. ಹಾಫ್ ಫೇರ್ ಕಾರ್ಡ್ ಒಂದು ತಿಂಗಳು ನಡೆಯುತ್ತದೆ, ಟಿಕೆಟ್ ಅರ್ಧ ದರಕ್ಕೆ ಸಿಗುತ್ತದೆ. 3,454 ಮೀಟರ್ ಎತ್ತರದ ಯುಂಗ್‌ಫ್ರಾಯೋಕ್ ನೋಡಲು ಹೋಗುವವರು ಇಲ್ಲೇ ಎಡವುವುದು. ಪಾಸ್‌ನಲ್ಲಿ ಉಚಿತ ಪ್ರಯಾಣ ಗ್ರಿಂಡೆಲ್ವಾಲ್ಡ್ ಅಥವಾ ವೆಂಗೆನ್ ತನಕ ಮಾತ್ರ, ಮೇಲಕ್ಕೆ ಶೇ 25 ರಿಯಾಯಿತಿ ಅಷ್ಟೇ. ಹಾಫ್ ಫೇರ್ ಕಾರ್ಡ್‌ಗೆ ಪೂರ್ತಿ ದಾರಿಗೂ ಅರ್ಧ ದರ. ದಿನಾ ಊರೂರು ಸುತ್ತುವವರಿಗೆ ಪಾಸ್ ಲಾಭ. ಒಂದೇ ಊರಲ್ಲಿ ಉಳಿದು ಒಂದೆರಡು ಬೆಟ್ಟ ನೋಡುವವರಿಗೆ ಕಾರ್ಡ್ ವಾಸಿ. ಅಪ್ಪ ಅಥವಾ ಅಮ್ಮನ ಜೊತೆ ಹೋಗುವ 16 ವರ್ಷದೊಳಗಿನ ಮಕ್ಕಳಿಗೆ ಸ್ವಿಸ್ ಫ್ಯಾಮಿಲಿ ಕಾರ್ಡ್ ಉಚಿತವಾಗಿ ಸಿಗುತ್ತದೆ, ಕೇಳಿ ಪಡೆಯಬೇಕು.

ಹಣ ಕಟ್ಟುವಾಗ

ನಮ್ಮ ಡೆಬಿಟ್, ಕ್ರೆಡಿಟ್ ಕಾರ್ಡ್‌ಗಳಲ್ಲಿ ವಿದೇಶಿ ವಹಿವಾಟನ್ನು ನಾವೇ ಆನ್ ಮಾಡಿಕೊಳ್ಳಬೇಕು. 2020ರಿಂದ ರಿಸರ್ವ್ ಬ್ಯಾಂಕ್ ನಿಯಮ ಹಾಗಿದೆ. ಬ್ಯಾಂಕ್ ಆ್ಯಪ್‌ನಲ್ಲೇ ಮಾಡಬಹುದು. ರೂಪಾಯಿಯಲ್ಲಿ ಕಟ್ಟುತ್ತೀರಾ, ಯುರೋದಲ್ಲಾ ಎಂದು ಕೇಳಿದರೆ ಯುರೋ ಒತ್ತಿ. ರೂಪಾಯಿಗೆ ಬದಲಿಸುವ ನೆಪದಲ್ಲಿ ಹೆಚ್ಚು ಹಿಡಿಯುವುದೇ ಜಾಸ್ತಿ. ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಇರಲಿ, ಇನಿಶಿಯಲ್ ಹಾಕಿ ಮುಗಿಸಬೇಡಿ.

ಸ್ಟೇಷನ್‌ನಲ್ಲಿ

ಪ್ಯಾರಿಸ್‌ನಲ್ಲಿ ದೊಡ್ಡ ಸ್ಟೇಷನ್‌ಗಳೇ ಹಲವಿವೆ. ಜ್ಯೂರಿಕ್ ರೈಲು ಗಾರ್ ದ ಲಿಯೋನ್‌ನಿಂದ, ಲಂಡನ್ ರೈಲು ಗಾರ್ ದು ನೋರ್‌ನಿಂದ ಹೊರಡುತ್ತದೆ. ಟಿಕೆಟ್‌ನಲ್ಲಿ ಸ್ಟೇಷನ್ ಹೆಸರನ್ನು ಪೂರ್ತಿ ಓದಿ. ಹೊರಡುವ ಹೊತ್ತಿಗೆ ಎರಡು ನಿಮಿಷ ಮೊದಲೇ ಟಿಜಿವಿ ಬಾಗಿಲು ಮುಚ್ಚುತ್ತದೆ, ಓಡಿ ಹತ್ತುವ ಮಾತಿಲ್ಲ. ಇಟಲಿಯ ಲೋಕಲ್ ರೈಲಿನ ಕಾಗದದ ಟಿಕೆಟ್‌ಗೆ ಹತ್ತುವ ಮೊದಲು ಪ್ಲಾಟ್‌ಫಾರ್ಮ್ ಬಳಿಯ ಯಂತ್ರದಲ್ಲಿ ಮುದ್ರೆ ಒತ್ತಿಸಬೇಕು. ಒತ್ತಿಸದಿದ್ದರೆ ಟಿಕೆಟ್ ಕೈಯಲ್ಲಿದ್ದರೂ ದಂಡ ಬೀಳುತ್ತದೆ. ಕೂಲಿಗಳನ್ನು ನಂಬಿಕೊಂಡು ಹೋಗಬೇಡಿ, ನೀವೇ ಎತ್ತಿ ಇಡಬಲ್ಲಷ್ಟೇ ಲಗೇಜ್ ಇರಲಿ.

ಒಟ್ಟಿನಲ್ಲಿ ಕ್ರಮ ಇಷ್ಟೇ: ಮೊದಲು ವೀಸಾ, ಅದು ಬಂದ ಕೂಡಲೇ ದೂರದ ರೈಲಿನ ಟಿಕೆಟ್, ಪಾಸ್ ಬೇಕೋ ಬೇಡವೋ ಎಂಬ ಲೆಕ್ಕ, ಕೊನೆಗೆ ಅಲ್ಲೇ ಹೋಗಿ ಲೋಕಲ್ ಟಿಕೆಟ್. ಅಂಗಡಿಗೆ ಸರಕು ತರಿಸುವಾಗ ದರ ವಿಚಾರಿಸುವಷ್ಟೇ ಜಾಗ್ರತೆ ಇಲ್ಲೂ ಇದ್ದರೆ ಸಾಕು.