ನಾಣ್ಯದ ಫೋಟೊಗೆ ಓರೆ ಬೆಳಕು

ಮಕ್ಕಳೇ, ನಿಮ್ಮ ಮನೆಯ ಹಳೆಯ ಡಬ್ಬಿಯಲ್ಲಿ ಕಾಲಾಣೆ ನಾಣ್ಯವೇನಾದರೂ ಇದೆಯೇ? ನಾಲ್ಕು ಕಾಲಾಣೆ ಸೇರಿದರೆ ಒಂದು ಆಣೆ, ಹದಿನಾರು ಆಣೆ ಸೇರಿದರೆ ಒಂದು ರೂಪಾಯಿ. 1957ರಲ್ಲಿ ದಶಮಾಂಶ ಪದ್ಧತಿ ಬರುವವರೆಗೆ ನಮ್ಮ ಹಿರಿಯರ ಲೆಕ್ಕ ಹೀಗಿತ್ತು.

ಶಾಲೆಯೊಂದರ ಏಳನೇ ತರಗತಿಯ ಹುಡುಗಿ ತನ್ನ ಅಜ್ಜಿಯ 1936ರ ಕಾಲಾಣೆಯ ಫೋಟೊವನ್ನು ಶಿಕ್ಷಕರ ಮೊಬೈಲಿನಿಂದ ನನಗೆ ಕಳುಹಿಸಿ, ‘ಸರ್, ಇದು ಎಷ್ಟು ಸವೆದಿದೆ?’ ಎಂದು ಕೇಳಿದ್ದಳು. ಫೋಟೊದಲ್ಲಿ ಐದನೇ ಜಾರ್ಜ್ ದೊರೆಯ ಕೆನ್ನೆ, ಕಿರೀಟ, ನಿಲುವಂಗಿ ಎಲ್ಲವೂ ಒಂದೇ ಮುದ್ದೆಯಂತೆ ಕಂಡವು. ‘ಪೂರ್ತಿ ಸವೆದಿದೆ’ ಎಂದು ಬರೆದುಬಿಟ್ಟೆ. ಮುಂದೆ ಆ ಶಾಲೆಗೆ ಹೋದಾಗ ನಾಣ್ಯವನ್ನು ಕಿಟಕಿಯ ಬಳಿ ಹಿಡಿದು ಓರೆ ಮಾಡಿ ನೋಡುತ್ತೇನೆ, ಕಿರೀಟದ ಹರಳುಗಳನ್ನು ಎಣಿಸಬಹುದಿತ್ತು! ಆದರೆ ಅಷ್ಟರಲ್ಲಿ, ಹೇಗೂ ಸವೆದ ನಾಣ್ಯವೆಂದು ಹುಡುಗಿ ಅದರ ಹಿಂಬದಿಯನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ಫಳಫಳ ಮಾಡಿದ್ದಳು. ತಪ್ಪು ನನ್ನದು. ಆ ಫೋಟೊವನ್ನು ಫ್ಲ್ಯಾಷ್ ಹಾಕಿ ತೆಗೆದಿದ್ದರು, ನಾನು ಅದನ್ನು ಗಮನಿಸಿರಲಿಲ್ಲ.

ಫ್ಲ್ಯಾಷ್ ಏನು ಮಾಡುತ್ತದೆ? ನಿಮ್ಮ ಶಾಲೆಯ ಧ್ವಜಸ್ತಂಭವನ್ನು ನೆನಪಿಸಿಕೊಳ್ಳಿ. ಬೆಳಿಗ್ಗೆ ಅದರ ನೆರಳು ಉದ್ದ, ಮಧ್ಯಾಹ್ನ ಗಿಡ್ಡ. ನಾಣ್ಯದ ಮೇಲಿನ ಉಬ್ಬುಗಳೂ ಪುಟ್ಟ ಸ್ತಂಭಗಳೇ. ಒಂದು ಉಬ್ಬಿನ ಎತ್ತರ 0.2 ಮಿ.ಮೀ. ಎಂದಿಟ್ಟುಕೊಳ್ಳಿ. ಬೆಳಕು 45 ಡಿಗ್ರಿ ಓರೆಯಾಗಿ ಬಂದರೆ ನೆರಳೂ 0.2 ಮಿ.ಮೀ. ಇರುತ್ತದೆ. ಬೆಳಕನ್ನು 15 ಡಿಗ್ರಿಗೆ ತಗ್ಗಿಸಿದರೆ ನೆರಳು ಸುಮಾರು 0.75 ಮಿ.ಮೀ. ಆಗುತ್ತದೆ. ನೇರ ಮೇಲಿನಿಂದ ಬಿದ್ದರೆ ನೆರಳೇ ಇಲ್ಲ. ಮೊಬೈಲಿನ ಫ್ಲ್ಯಾಷ್ ಮಸೂರದ ಪಕ್ಕದಲ್ಲೇ ಇರುವುದರಿಂದ ಅದರ ಬೆಳಕು ಹೋದ ದಾರಿಯಲ್ಲೇ ಹಿಂದಿರುಗುತ್ತದೆ. ಸಪಾಟಾದ ಲೋಹ ಕನ್ನಡಿಯಂತೆ ಹೊಳೆಯುತ್ತದೆ, ಉಬ್ಬು ತಗ್ಗುಗಳು ಮಾಯವಾಗುತ್ತವೆ.

ಆದ್ದರಿಂದ ಫ್ಲ್ಯಾಷ್ ಆರಿಸಿ. ನಾಣ್ಯವನ್ನು ಕಿಟಕಿಯ ಪಕ್ಕ ಇಡಿ. ಕಂದು ಬಣ್ಣದ ಹಳೆಯ ತಾಮ್ರಕ್ಕೆ ತಗ್ಗಿನಿಂದ ಬರುವ ಬೆಳಗಿನ ಬಿಸಿಲು ಒಳ್ಳೆಯದು. ಹೊಸ ಉಕ್ಕಿನ ರೂಪಾಯಿಗಾದರೋ ಕಿಟಕಿಗೆ ತೆಳು ಬಿಳಿ ಹಾಳೆ ಅಂಟಿಸಿ ಬೆಳಕನ್ನು ಮೆದುಗೊಳಿಸಬೇಕು, ಇಲ್ಲದಿದ್ದರೆ ಹೊಳಪು ಕಣ್ಣು ಕೋರೈಸುತ್ತದೆ. ಅಡಿಗೆ ಸ್ಲೇಟು ಇಡಬೇಡಿ. ಕಪ್ಪು ಹೆಚ್ಚಾದರೆ ಕ್ಯಾಮೆರಾ ‘ಕತ್ತಲಾಗಿದೆ’ ಎಂದು ಭಾವಿಸಿ ನಾಣ್ಯವನ್ನು ಬೆಳ್ಳಗೆ ಮಾಡಿಬಿಡುತ್ತದೆ. ಬಿಳಿ ಹಾಳೆ ಇಟ್ಟರೆ ಇದಕ್ಕೆ ತಿರುಗುಮುರುಗು. ಬೂದು ಬಣ್ಣದ ರಟ್ಟು ಸಾಕು, ಪಕ್ಕದಲ್ಲಿ ಒಂದು ಅಳತೆಪಟ್ಟಿ ಇರಲಿ. ಎರಡು ಪುಸ್ತಕದ ರಾಶಿಗಳ ಮೇಲೆ ಮೊಬೈಲನ್ನು ಸೇತುವೆಯಂತೆ ಮಲಗಿಸಿ, ಸುಮಾರು 20 ಸೆಂ.ಮೀ. ಎತ್ತರದಲ್ಲಿ. ತೀರ ಹತ್ತಿರ ಹೋದರೆ ಚಿತ್ರ ಮಸುಕಾಗುತ್ತದೆ. ಮೊಬೈಲು ವಾಲಿದರೆ ದುಂಡು ನಾಣ್ಯ ಮೊಟ್ಟೆಯಾಕಾರವಾಗುತ್ತದೆ. ಟೈಮರ್ ಹಾಕಿದರೆ ಕೈ ಅಲುಗುವ ತೊಂದರೆಯೂ ಇಲ್ಲ.

ಒಂದೇ ಚಿತ್ರವನ್ನು ನಂಬಬೇಡಿ. ಗೀರು ಬೆಳಕಿನ ದಿಕ್ಕಿನಲ್ಲೇ ಇದ್ದರೆ ಅದಕ್ಕೆ ನೆರಳು ಬೀಳದು, ಅಡ್ಡಲಾಗಿದ್ದರೆ ಎದ್ದು ಕಾಣುತ್ತದೆ. ನಾಣ್ಯವನ್ನು ಕಾಲು ಸುತ್ತು ತಿರುಗಿಸಿ ಮತ್ತೆ ತೆಗೆಯಿರಿ. ಮೊದಲ ಚಿತ್ರದಲ್ಲಿ ಅಡಗಿದ್ದ ಗೀರು ಎರಡನೆಯದರಲ್ಲಿ ಸಿಕ್ಕಿಬೀಳುತ್ತದೆ. ಕಣ್ಣಿಗೂ ಒಂದು ಚಪಲವಿದೆ: ಬೆಳಕು ಯಾವಾಗಲೂ ಮೇಲಿನಿಂದಲೇ ಬರುತ್ತದೆಂದು ಮಿದುಳು ಎಣಿಸುತ್ತದೆ. ಹಾಗಾಗಿ ಚಿತ್ರದಲ್ಲಿ ಬೆಳಕು ಕೆಳಗಿನಿಂದ ಬಂದಂತಿದ್ದರೆ ದೊರೆಯ ಮೂಗು ಹಳ್ಳವಾಗಿ ಕಾಣಬಹುದು. ಕಿಟಕಿ ಚಿತ್ರದ ಮೇಲ್ಭಾಗದ ಕಡೆ ಇರುವಂತೆ ನೋಡಿಕೊಳ್ಳಿ.

ಈಗ ಸವಕಳಿ ಎಲ್ಲಿ ಹುಡುಕಬೇಕು? ಕೈಯಿಂದ ಕೈಗೆ ದಾಟುವಾಗ ಮೊದಲು ಸವೆಯುವುದು ಎತ್ತರದ ಭಾಗ: ಕೆನ್ನೆ, ಕಿವಿ, ಕಿರೀಟದ ಅಂಚು. ದೊರೆಯ ನಿಲುವಂಗಿಯ ಮೇಲೆ ಪುಟ್ಟದೊಂದು ಆನೆಯಿದೆ. 1911ರ ರೂಪಾಯಿಯಲ್ಲಿ ಅದು ಹಂದಿಯಂತೆ ಕಾಣುತ್ತದೆಂದು ಜನ ಆಕ್ಷೇಪಿಸಿದ್ದರಿಂದ ಮರುವರ್ಷ ಆನೆಯನ್ನು ತಿದ್ದಿ ನಾಣ್ಯ ಅಚ್ಚುಹಾಕಿದರು. ಅಷ್ಟು ಸಣ್ಣ ಸೊಂಡಿಲೂ ಜನರ ಕಣ್ಣಿಗೆ ಬಿದ್ದಿತ್ತು ನೋಡಿ.

ತಿಕ್ಕಿದ ನಾಣ್ಯ ಸವೆದ ನಾಣ್ಯದಂತಿರದು. ಅಚ್ಚು ಒತ್ತುವಾಗ ಲೋಹ ಅಂಚಿನ ಕಡೆ ಹರಿದು ಕೂದಲಿಗಿಂತ ನವಿರಾದ ಗೆರೆಗಳು ಉಳಿಯುತ್ತವೆ. ಹೊಸ ನಾಣ್ಯವನ್ನು ಓರೆ ಮಾಡಿದರೆ ಹೊಳಪು ಚಕ್ರದ ಅರಗಳಂತೆ ಸುತ್ತುವುದು ಇವುಗಳಿಂದಲೇ. ಹುಣಸೆಯ ಆಮ್ಲ ತಾಮ್ರದ ಮೇಲಿನ ಕಂದು ಪದರವನ್ನು ಕರಗಿಸುತ್ತದೆ, ಬೂದಿ ಹೊಸ ಗೀರು ಎಳೆಯುತ್ತದೆ. ಹಳೆಯ ಗೆರೆಗಳು ಮರಳಿ ಬರುವುದಿಲ್ಲ.

ಆ ಹುಡುಗಿ ಈಗ ಎರಡೂ ಬದಿಯ ಫೋಟೊಗಳನ್ನು ಓರೆ ಬೆಳಕಿನಲ್ಲಿ ತೆಗೆದು ಪಕ್ಕಪಕ್ಕ ಅಂಟಿಸಿದ್ದಾಳೆ. ಒಂದರಲ್ಲಿ ಕಿರೀಟದ ಹರಳುಗಳಿವೆ. ಇನ್ನೊಂದರಲ್ಲಿ ಅವಳ ಹೆಬ್ಬೆರಳು ಓಡಾಡಿದ ದಿಕ್ಕಿನಲ್ಲೇ ಸಾಲುಸಾಲು ಗೀರುಗಳು. ನೀವು ಅಜ್ಜಿಯ ಡಬ್ಬಿಗೆ ಕೈಹಾಕುವ ಮುನ್ನ ಒಂದು ಹೊಸ ರೂಪಾಯಿ, ಒಂದು ಹಳೆಯ ರೂಪಾಯಿ ಇಟ್ಟುಕೊಂಡು ಮಾಡಿ ನೋಡಿ.